ಐನ್ ಹಮ್ದಾದ ಅಂಜೂರ

"ಇವನನ್ನ ಒಳಗೆ ಕೂರ್ಸಿ," ಎಂದು ಜೋರ್ಡಾನಿನ ಗಡಿ ಅಧಿಕಾರಿ ಅಬು ಫವ್ವಾಜ್, ನಶ್ವಾನ್ ಎಂಬವನ ಪಾಸ್‌ಪೋರ್ಟನ್ನು ಮುದ್ರೆ ಒತ್ತದೆಯೇ ಪಕ್ಕಕ್ಕಿಟ್ಟರು.

ಸಾಲಿನಲ್ಲಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ದುರದೃಷ್ಟ ಅಂಟಿಕೊಂಡೀತು ಎಂಬ ಭಯ. ಜೋರ್ಡಾನಿನೊಳಕ್ಕೆ ಮರಳಲು ಬಂದಿದ್ದ ಇಬ್ಬರು ಇರಾಕಿಗಳನ್ನು ಬೆಳಗ್ಗೆಯೇ ವಾಪಸು ಅಟ್ಟಿದ್ದರು. ಕಿಟಕಿಯ ಪಕ್ಕ ಇವತ್ತು ಕೋಟು ತೊಟ್ಟ ಮೇಲಧಿಕಾರಿಯೊಬ್ಬ ಬೇರೆ ಕುರ್ಚಿ ಹಾಕಿಕೊಂಡು ಕೂತಿದ್ದ.

ವಾಪಸು ಎಂದರೆ ಎಲ್ಲಿಗೆ? ಸಿರಿಯಾದವರು ನಾಲ್ಕು ದಿನ ಇಟ್ಟುಕೊಂಡಾರು. ಆಮೇಲೆ ಉಳಿಯುವುದು ಇರಾಕಿನ ಮೋಸುಲ್, ಅವನ ಊರು. ಅಲ್ಲಿ ಅವನ ಮನೆ ಬಾಗಿಲ ಸಂದಿಯಲ್ಲಿ ಯಾರೋ ಒಂದು ಲಕೋಟೆ ತೂರಿಸಿ ಹೋಗಿದ್ದರು. ಒಳಗೆ ಅವನ ಹೆಸರಿತ್ತು, ಜೊತೆಗೊಂದು ಗುಂಡು. ಆ ವಾರವೇ ಹೆಂಡತಿ ಇಬ್ತಿಹಾಲ್ ಮತ್ತು ಮಗಳನ್ನು ಕರೆದುಕೊಂಡು ಜೋರ್ಡಾನಿನ ಅಮ್ಮಾನ್ ಸೇರಿದ್ದ. ಈಗ ಅವರಿಬ್ಬರೂ ಅಲ್ಲಿನ ಒಂದೇ ಕೋಣೆಯ ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಅವನ ದಾರಿ ಕಾಯುತ್ತಿದ್ದರು.

ಇರಾಕಿನಲ್ಲಿ ಯುದ್ಧ ಶುರುವಾಗಿ ಮೂರು ವರ್ಷ. ಇದು ಹನ್ನೊಂದನೆಯ ಸಲ. ಮೂರು ತಿಂಗಳಿಗೊಮ್ಮೆ ಜೋರ್ಡಾನಿನ ವೀಸಾ ಮುಗಿಯುತ್ತದೆ. ಬೆಳಗ್ಗೆ ಎದ್ದು ಬಾಡಿಗೆ ಕಾರಿನಲ್ಲಿ ಐದು ಜನರ ನಡುವೆ ತುರುಕಿಕೊಳ್ಳಬೇಕು. ಗಡಿ ದಾಟಿ ಸಿರಿಯಾದ ಮೊದಲ ಅಂಗಡಿಯಲ್ಲಿ ಒಂದು ಲೋಟ ಚಹಾ ಕುಡಿಯಬೇಕು, ಕಾರು ತಿರುಗಿಸಬೇಕು, ಹೊಸ ಮುದ್ರೆ ಒತ್ತಿಸಿಕೊಳ್ಳಬೇಕು. ಇಷ್ಟೇ ಪ್ರವಾಸ. "ಜಗತ್ತಲ್ಲಿ ನಿನ್ನಷ್ಟು ಸಲ ವಿದೇಶಕ್ಕೆ ಹೋಗಿ ಏನೂ ನೋಡ್ದೆ ಬಂದೋನು ಇನ್ನೊಬ್ಬನಿಲ್ಲ ಕಣಯ್ಯಾ," ಎಂದು ಡ್ರೈವರ್ ಅಬು ನಿಜಾರ್ ಪ್ರತಿ ಸಲವೂ ರೇಗಿಸುತ್ತಿದ್ದ. ನಗಲು ಮೊದಲಿನ ನಾಲ್ಕು ಸಲ ನಶ್ವಾನನಲ್ಲಿ ತ್ರಾಣವಿತ್ತು.

ಎಡವಟ್ಟಾಗಿದ್ದು ಮೊದಲ ಸಲವೇ.

"ಎರಡು ಗಂಟೇಲಿ ವಾಪಸ್ ಬಂದಿದ್ದೀಯಲ್ಲ, ಎಲ್ಲಿಗೆ ಹೋಗಿದ್ದೆ?" ಎಂದು ಅಬು ಫವ್ವಾಜ್ ಕೇಳಿದ್ದರು. ಚಹಾ ಕುಡಿಯಲು ಎನ್ನುವುದೇ? ಚಹಾ ಅಂಗಡಿಯ ಎದುರು ಕಂಡಿದ್ದ, ಯಾವುದೋ ಊರಿನ ಹೆಸರಿದ್ದ ತುಕ್ಕು ಹಿಡಿದ ಫಲಕ ನೆನಪಾಯಿತು. "ಐನ್ ಹಮ್ದಾಕ್ಕೆ, ಸಾಹೇಬ್ರೇ."

ಅಧಿಕಾರಿಯ ಕೈ ಮುದ್ರೆಯ ಮೇಲೆಯೇ ನಿಂತಿತು. "ಏನಿದೆ ಅಲ್ಲಿ?"

ಐನ್ ಎಂದರೆ ನೀರಿನ ಒರತೆ ತಾನೆ? "ಒರತೆ ಇದೆ. ತಣ್ಣಗೆ ಹರೀತಿದೆ." ಸುಳ್ಳು ಬೋಳಾಗಿ ಕಂಡಿತು. "ಪಕ್ಕದಲ್ಲಿ ಒಂದು ಅಂಜೂರದ ಮರ," ಎಂದು ಸೇರಿಸಿದ.

ಅಬು ಫವ್ವಾಜ್ ಒಂದು ಚೀಟಿ ತೆಗೆದು ಅದನ್ನು ಬರೆದುಕೊಂಡರು. ಜೇಬಿಗಿಟ್ಟರು.

ಅಂದಿನಿಂದ ಪ್ರತಿ ಸಲವೂ ಪ್ರಶ್ನೆ, ಪ್ರತಿ ಸಲವೂ ಚೀಟಿ. ಉಳಿದವರನ್ನು ಏನೂ ಕೇಳದೆ ಬಿಡುತ್ತಿದ್ದ ಮನುಷ್ಯ ಇವನೊಬ್ಬನನ್ನೇ ಹಿಡಿದು ನಿಲ್ಲಿಸುತ್ತಿದ್ದ. ನೀರು ಎಷ್ಟಿತ್ತು? ಕಲ್ಲುಗಳು ಕಪ್ಪಗೇ ಇದ್ದಾವಾ? ಹೆಂಗಸರು ಉಣ್ಣೆ ತೊಳೀತಿದ್ರಾ? ತನ್ನ ಮಾತಿಗೆ ತಾನೇ ಸಿಕ್ಕಿಬೀಳಬಾರದೆಂದು ನಶ್ವಾನ್ ಹಿಂದಿನ ಸುಳ್ಳುಗಳನ್ನೆಲ್ಲ ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತಿದ್ದ. ಅಮ್ಮಾನಿನ ದಂತವೈದ್ಯರೊಬ್ಬರ ಹಿಂಬದಿಯ ಕೋಣೆಯಲ್ಲಿ ಕದ್ದುಮುಚ್ಚಿ ಕಟ್ಟುಹಲ್ಲು ಮಾಡುವವನು ಅವನು. ಬಾಯಿ ಯಾರದ್ದೋ, ಹಲ್ಲು ಸುಳ್ಳು. ಆ ಕೆಲಸವೇ ಇದಕ್ಕಿಂತ ವಾಸಿ ಎನಿಸುತ್ತಿತ್ತು.

ನಶ್ವಾನನನ್ನು ಕೂರಿಸಿದ್ದ ಒಳಕೋಣೆಯ ಬಾಗಿಲು ತೆರೆಯಿತು. ಅಬು ಫವ್ವಾಜ್ ಒಳಬಂದು ಚಿಲಕ ಹಾಕಿದರು. ಪಾಸ್‌ಪೋರ್ಟನ್ನು ಮುಂದಿಟ್ಟು ಎದುರು ಕೂತು ಅಂಗಿಯ ಜೇಬಿನಿಂದ ಚೀಟಿಗಳನ್ನು ತೆಗೆದು ಮೇಜಿನ ಮೇಲೆ ಒಂದೊಂದಾಗಿ ಹರವಿದರು. ಹತ್ತೂ ಇದ್ದವು. ಮಡಚಿ ಬಿಡಿಸಿ, ಮಡಚಿ ಬಿಡಿಸಿ ಬಟ್ಟೆಯಂತೆ ಮೆತ್ತಗಾಗಿದ್ದವು.

"ಇವತ್ತು ಎಲ್ಲಿಗೆ ಹೋಗಿದ್ದೆ? ನಿಧಾನಕ್ಕೆ ಹೇಳು. ಒಂದೆರಡು ಮಾತು ಸಾಲ್ದು ಇವತ್ತು."

ನಶ್ವಾನ್ ಬಾಯಿ ತೆರೆದ. ಒರತೆ, ಮರ, ಕಲ್ಲು, ಉಣ್ಣೆ ಎಲ್ಲವೂ ನಾಲಿಗೆಯ ತುದಿಯಲ್ಲೇ ಇದ್ದವು. ಆದರೆ ಅವನಿಗೆ ಸಾಕಾಗಿತ್ತು. ಗಡಿಯೂ ಸಾಕು, ಕಾರೂ ಸಾಕು, ತನ್ನ ದನಿಯೂ ಸಾಕು ಎನಿಸಿಬಿಟ್ಟಿತ್ತು.

"ಸಾಹೇಬ್ರೇ, ನಾನು ಐನ್ ಹಮ್ದಾ ಊರನ್ನ ಕಣ್ಣಾರೆ ನೋಡಿಲ್ಲ. ಒಂದ್ ಸಲಾನೂ ಇಲ್ಲ. ಫಲಕ ಓದಿದ್ದೆ, ಅಷ್ಟೆ. ಚಾ ಕುಡಿದು ತಿರುಗ್ತೀನಿ. ನನ್ನನ್ನ ಏನಾದ್ರೂ ಮಾಡಿ, ಆದ್ರೆ ಅಮ್ಮಾನ್‌ನಲ್ಲಿ ನನ್ನ ಮಗಳಿದ್ದಾಳೆ. ಆರು ವರ್ಷ ಅವಳಿಗೆ."

ಅಬು ಫವ್ವಾಜ್ ಪಾಸ್‌ಪೋರ್ಟನ್ನು ಹತ್ತಿರಕ್ಕೆಳೆದುಕೊಂಡರು. ಡ್ರಾಯರಿನಿಂದ ಮುದ್ರೆ ತೆಗೆದರು. ಅದು ತಿರಸ್ಕಾರದ ಮುದ್ರೆಯೋ ಎಂದು ನೋಡಲು ನಶ್ವಾನನಿಗೆ ಧೈರ್ಯವಾಗಲಿಲ್ಲ.

ಠಪ್ಪೆಂದು ಸದ್ದಾಯಿತು.

"ಮೂರು ತಿಂಗಳು ಕೊಟ್ಟಿದ್ದೀನಿ. ಹೊರಗೆ ಆ ಕೋಟಿನವನ ಎದುರು ಆಗ್ತಿರ್ಲಿಲ್ಲ, ಅದಕ್ಕೇ ಒಳಗೆ ಕರೆಸ್ದೆ." ಅವರು ಪಾಸ್‌ಪೋರ್ಟನ್ನು ತಳ್ಳಿದರು. "ನೀನು ನೋಡಿಲ್ಲ ಅಂತ ನನಗೆ ಮೊದಲ ದಿನಾನೇ ಗೊತ್ತು. ನಾನು ಹುಟ್ಟಿದ್ದೇ ಆ ಊರಲ್ಲಿ. ಒರತೆ ಬತ್ತಿದಾಗ ನನಗೆ ಏಳು ವರ್ಷ. ಊರಿಗೆ ಊರೇ ಎದ್ದುಹೋಯ್ತು, ನಾವು ಜೋರ್ಡಾನಿಗೆ ಬಂದ್ವಿ. ಈ ಸಮವಸ್ತ್ರ ತೊಟ್ಟವನಿಗೆ ಆ ಕಡೆ ಕಾಲಿಡೋ ಹಾಗೂ ಇಲ್ಲ."

"ಹಾಗಾದ್ರೆ ಈ ಚೀಟಿಗಳು...?"

"ನಮ್ಮಮ್ಮನಿಗೆ ಓದಿ ಹೇಳೋಕೆ. ಹಾಸಿಗೆ ಹಿಡಿದಿದ್ದಾಳೆ. ನಿನ್ನೆಯಿಂದ ಗಂಟಲಲ್ಲಿ ನೀರೂ ಇಳೀತಿಲ್ಲ, ಆ ಮೋಸುಲಿನವ್ನು ಬಂದ್ನಾ ಅಂತ ಮಾತ್ರ ಕೇಳ್ತಾಳೆ."

ಅಬು ಫವ್ವಾಜ್ ಹೊಸ ಚೀಟಿ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು. "ಅಲ್ಲಿ ಅಂಜೂರದ ಮರ ಯಾವತ್ತೂ ಇರ್ಲಿಲ್ಲ ಕಣಪ್ಪಾ. ಈಗ ನಮ್ಮಮ್ಮ, ಮದುವೆಯಾಗಿ ಬಂದ ಹೊಸದ್ರಲ್ಲಿ ಅದರ ಕೆಳಗೇ ಕೂರ್ತಿದ್ದೆ ಅಂತಾಳೆ. ಹೇಳು, ಈ ಸಲ ಹಣ್ಣು ಬಿಟ್ಟಿತ್ತಾ?"