ಹೆಸರಿಲ್ಲದ ಹಾಳೆ

ಬೆಳಗಾಗುವಷ್ಟರಲ್ಲಿ ಆ ಗಡಿಯೂರಿನ ಬಸ್ ಸ್ಟ್ಯಾಂಡಿನ ಗೋಡೆ ತುಂಬ ಒಂದೇ ಬಗೆಯ ಹಾಳೆ ಹಚ್ಚಿದ್ದರು. ಅಕ್ಕಲಕೋಟದ ಯಾವುದೋ ಪ್ರೆಸ್ಸಿನಲ್ಲಿ ಒಂದೇ ಬದಿಗೆ ಛಾಪಿಸಿದ ಮರಾಠಿ ಕರಪತ್ರ. ಪಂಚಾಯತಿ ಸದಸ್ಯೆ ಬೀರವ್ವ ಊರಿನ ಬೋರ್‌ವೆಲ್ಲಿನ ಮೋಟಾರನ್ನೇ ಮಾರಿಕೊಂಡಿದ್ದಾಳೆ ಎಂದು ಅದರಲ್ಲಿತ್ತು. ಕೆಳಗೆ ಹೆಸರಿಲ್ಲ, ‘ನೊಂದ ಗ್ರಾಮಸ್ಥರು’ ಎಂದಷ್ಟೇ.

ಊರ ಕುರಿ ಮೇಯುವ ಸರಕಾರಿ ಹುಲ್ಲುಗಾವಲು ಗಾಯರಾನದಲ್ಲಿ ಕಲ್ಲಣ್ಣ ಪಾಟೀಲ ಎರಡು ಎಕರೆ ಒತ್ತಿಕೊಂಡು ಕಬ್ಬು ಹಾಕಿದ್ದ. ಅದನ್ನು ಅಳತೆ ಮಾಡಿಸಬೇಕೆಂದು ಬೀರವ್ವ ಅರ್ಜಿ ಕೊಟ್ಟಿದ್ದಳು. ಸೋಮವಾರ ಸರ್ವೇಯರ್ ಬರುವವನಿದ್ದ. ಅಷ್ಟರೊಳಗೆ ಊರು ಅವಳ ಮೇಲೆ ತಿರುಗಿಬಿದ್ದರೆ ಅಳತೆ ನಿಲ್ಲುತ್ತಿತ್ತು.

ಬೀರವ್ವ ಒಂದು ಹಾಳೆ ಕಿತ್ತುಕೊಂಡು ಸೋನಾಬಾಯಿಯ ಚಹಾದಂಗಡಿಗೆ ಬಂದಳು. ಕಲ್ಲಣ್ಣ ನಾಲ್ಕು ಮಂದಿಯ ನಡುವೆ ಕೂತಿದ್ದ.

“ಪಾಟೀಲ್ರ, ಇದರಾಗ ಏನ್ ಬರದಾರ ಓದಿ ಹೇಳ್ರಿ. ನನಗ ಅಕ್ಷರ ಬರಂಗಿಲ್ಲ.”

“ನನ್ನ ಚಷ್ಮಾ ಮನ್ಯಾಗ ಐತಿ.”

“ಕಂಡಷ್ಟ ಓದ್ರಿ.”

ಎಲ್ಲರೂ ನೋಡುತ್ತಿದ್ದರು. ಕಲ್ಲಣ್ಣ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು, ಮೊದಲ ಸಾಲಿಗೆ ತಡವರಿಸಿದ. ಆಮೇಲೆ ಹುರುಪು ಬಂತು. ಮೋಟಾರಿನ ಸುದ್ದಿಗೆ ದನಿ ಏರಿತು. ‘ಕುರಿ ಕಾಯುವವಳಿಗೆ ಕುರ್ಚಿ ಯಾಕೆ’ ಎಂಬಲ್ಲಿ ತಾನೇ ನಕ್ಕ. ಅಷ್ಟು ಹೊತ್ತಿಗೆ ಹಾಳೆ ಅವನ ತೊಡೆಯ ಮೇಲಿತ್ತು, ಕಣ್ಣು ಜನರ ಮೇಲಿತ್ತು. ಆದರೂ ಕೊನೆಯ ಸಾಲಿನವರೆಗೆ ಒಂದಕ್ಷರ ತಪ್ಪಲಿಲ್ಲ.

ಸೋನಾಬಾಯಿ ಮುಖ ತಿರುಗಿಸಿ ನಕ್ಕಳು. ಆಗ ಉಳಿದವರಿಗೂ ಹೊಳೆಯಿತು.

“ಚಷ್ಮಾ ಇಲ್ಲದ ಎಷ್ಟ್ ಚಂದ ಓದಿದ್ರಿ,” ಎಂದಳು ಬೀರವ್ವ. “ದಿನಾ ಕನ್ನಡದಾಗ ಬೈಯಾವರಿಗೆ ಛಾಪಿಸಾಕ ಮರಾಠಿ ಬೇಕಾತೇನ್ರಿ? ಮೋಟಾರ್ ಬೋರಿನಾಗ ಐತಿ. ಮುಂಜಾನಿ ಯಾವ ನೀರಾಗ ಜಳಕಾ ಮಾಡೀರಿ?”

ಕಲ್ಲಣ್ಣ ಚಹಾ ಅರ್ಧಕ್ಕೆ ಬಿಟ್ಟು ಎದ್ದ. ಯಾವಾಗಲೂ ಅವನ ಬೆನ್ನಿಗಿರುವ ನಾಲ್ವರೂ ಬೆಂಚಿನಲ್ಲೇ ಕೂತಿದ್ದರು.

ಸೋಮವಾರ ಸರ್ವೇಯರ್ ಕಬ್ಬಿನ ನಡುವೆ ಗಡಿಕಲ್ಲು ನೆಡಿಸಿದಾಗ ಕಲ್ಲಣ್ಣನ ಪರವಾಗಿ ತಂಟೆ ತೆಗೆಯಲು ಒಬ್ಬನೂ ಬರಲಿಲ್ಲ.

ಆ ಸಂಜೆ ಬೀರವ್ವನ ಹಿಂಡು ಬಸ್ ಸ್ಟ್ಯಾಂಡ್ ಹಾಯ್ದು ಮನೆಗೆ ಹೊರಟಿತ್ತು. ಒಂದು ಟಗರು ಗೋಡೆಯಿಂದ ಹಾಳೆ ಎಳೆದು, ಹಿಂದೆ ಮೆತ್ತಿದ್ದ ಮೈದಾ ಅಂಟನ್ನೆಲ್ಲ ನೆಕ್ಕಿತು. ಉಳಿದದ್ದನ್ನು ಮೂಸಿ ನೋಡಿ, ಮಣ್ಣಲ್ಲಿ ಬಿಟ್ಟು ಮುಂದೆ ನಡೆಯಿತು.