ಸೂರ್ಯನಿಗೆ ಹೇಳುವ ಮಾತು

ಸಂಜೆಯ ಹೊತ್ತು ಮೀರಿದರೂ ಊರಿನ ಸೂರ್ಯ ತಣಿಯಲಿಲ್ಲ. ಹಳೆಯ ಸೂರ್ಯ ಮಂಕಾದ ಮೇಲೆ ಪ್ರತಿ ಊರೂ ಆಕಾಶದಲ್ಲಿ ತನ್ನದೊಂದನ್ನು ಇಟ್ಟುಕೊಂಡಿತ್ತು. ಇಲ್ಲಿಯದನ್ನು ನೋಡಿಕೊಳ್ಳುವ ಕೆಲಸ ಹೇಮಾಳದು.

ಎಲ್ಲ ನಿಲ್ಲಲಿ ಎಂದು ಅವಳು ಕಂಟ್ರೋಲ್-ಸಿ ಒತ್ತಿದಳು. ನಿಂತದ್ದು ಸೂರ್ಯನಿಗೆ ಆಜ್ಞೆ ಕಳಿಸುವ, ಅವಳ ಲ್ಯಾಪ್‌ಟಾಪಿನ ಪೈಥಾನ್ ಸ್ಕ್ರಿಪ್ಟ್ ಮಾತ್ರ. ಮೇಲೆ ಉರಿ ನಡೆದೇ ಇತ್ತು. ಹೊರಗೆ ರಸ್ತೆಯ ಟಾರು ಕರಗುತ್ತಿತ್ತು. ಮತ್ತೆ ದೂರದ ಯಂತ್ರಕ್ಕೆ ಕೊಂಡಿ ಹಾಕುವ ಎಸ್‌ಎಸ್‌ಎಚ್ ಮೂಲಕ ಸೂರ್ಯನ ಕಂಪ್ಯೂಟರಿನೊಳಕ್ಕೆ ಹೊಕ್ಕು ನೋಡಿದರೆ, ಕಳಿಸಬಹುದಾದ ಸಿಗ್ನಲ್ ಎರಡೇ: ಯಂತ್ರದ ಜೊತೆಗೇ ಬಂದಿದ್ದ 'ಕಿಲ್', ಮತ್ತು ಅವಳಿಗಿಂತ ಮೊದಲು ಈ ಕೆಲಸದಲ್ಲಿದ್ದ ವಾರಿಜಮ್ಮ ನಿವೃತ್ತರಾಗುವ ಮುನ್ನ ಬರೆದು ಸೇರಿಸಿದ್ದ 'ದೊಡ್ಡದು ಮಾಡು'. ಕಿಲ್ ಕಳಿಸಿದರೆ ಸೂರ್ಯ ಮತ್ತೆಂದೂ ಹೊತ್ತಿಕೊಳ್ಳುವುದಿಲ್ಲ.

ಹೇಮಾ ವಾರಿಜಮ್ಮನಿಗೆ ಫೋನ್ ಮಾಡಿದಳು.

"ದೊಡ್ಡದು ಮಾಡೇ," ಎಂದರು ಅವರು.

"ಊರೇ ಸುಟ್ಟುಹೋಗ್ತಿದೆ ಮೇಡಂ! ಇನ್ನೂ ದೊಡ್ಡದಾ?"

"ಮಾಡು ಅಂದ್ನಲ್ಲ!"

ಹೇಮಾ ಕಣ್ಣು ಮುಚ್ಚಿಕೊಂಡು ಎಂಟರ್ ಒತ್ತಿದಳು. ಬೆವರು ಆರತೊಡಗಿತು. ಕಣ್ಣು ಬಿಟ್ಟರೆ, ಕಿಟಕಿಯಾಚೆ ಮೆಲ್ಲಗೆ ಮುಸ್ಸಂಜೆ ಇಳಿಯುತ್ತಿತ್ತು.

"ನನ್ನ ಜೀವಾನೇ ಹೋಗಿತ್ತು ಮೇಡಂ. ನೆಟ್ಟಗೆ 'ಆರಿಸು' ಅಂತ ಬರೆಯೋದಕ್ಕೇನಾಗಿತ್ತು?"

"ಬಿಡ್ತು ಅನ್ನು!" ವಾರಿಜಮ್ಮ ಗದರಿದರು. "ದೀಪಕ್ಕೇ ಹಾಗನ್ನಲ್ಲ, 'ದೊಡ್ಡದು ಮಾಡು' ಅಂತೀವಿ. ಸೂರ್ಯನಿಗೆ ಅಂತಾರೇನೇ?"