ತಣ್ಣನೆಯ ಬೆಳಕು

ರಂಗಮಂದಿರದ ಹಳೆಯ ಬಲ್ಬುಗಳು ಹೋಗಿ ಎಲ್‌ಇಡಿ ಬಂದಿದ್ದವು. ಕೈಯಿಟ್ಟರೂ ಸುಡದ ದೀಪಗಳೆಂದು ರಾಚಪ್ಪ ಹಿಗ್ಗಿದ್ದ. ಡಿಮ್ಮರ್ ಹೊಂದಿಸುತ್ತ, ವೇದಿಕೆಯ ಮೇಲಿದ್ದ ನಟಿ ಹೆಂಡತಿಗೆ ಕೂಗಿ ಹೇಳಿದ: "ನೀಲಾ, ಬೆಳಕಿನ್ಯಾಗ ಬಂದು ನಿಂದ್ರು."

ಇಪ್ಪತ್ತು ವರ್ಷಗಳಲ್ಲಿ ಆಕೆ ಒಮ್ಮೆಯೂ ಬೆಳಕು ತಪ್ಪಿ ನಿಂತವಳಲ್ಲ. ಮೊನ್ನೆ ಕಣ್ಣಿನ ಆಸ್ಪತ್ರೆಯಿಂದ ಬಂದಾಗಲೂ, "ಎಲ್ಲಾ ಛಲೋ ಐತಂತ," ಎಂದು ನಕ್ಕಿದ್ದಳು. ಇವತ್ತು ಬೆಳಕನ್ನು ದಾಟಿ ಕತ್ತಲೆಗೆ ಹೋದಳು, ತಿರುಗಿ ಬಂದಳು, ಬೆಳಕಿನ ನಟ್ಟನಡುವೆ ನಿಂತು ಕೇಳಿದಳು.

"ಲೈಟ್ ಹಾಕ್ರಿ."

"ಹಾಕೀನಲ್ಲ." ರಾಚಪ್ಪ ಡಿಮ್ಮರನ್ನು ಪೂರ್ತಿ ಏರಿಸಿದ. ಅವಳ ಮುಖ ಝಗ್ಗೆಂದಿತು.

"ಚಾಷ್ಟಿ ಮಾಡಬ್ಯಾಡ್ರಿ," ಎನ್ನುತ್ತ ಆಕೆ ಮುಖವನ್ನು ಮುಂದಕ್ಕೆ ಚಾಚಿದಳು. "ಗಲ್ಲಕ್ಕ ಬಿಸಿನ ತಾಗವಲ್ದು."